ಯಾವುದಕ್ಕೆ ಯಾವ ಅಂಟು? ಟ್ಯೂಬ್ ಬಿಚ್ಚುವ ಮೊದಲು ನೋಡಬೇಕಾದ್ದು

ಕಪ್ಪಿನ ಹಿಡಿ ಮುರಿದಿದೆ. ಶೂ ಅಟ್ಟೆ ಬಾಯಿ ಬಿಟ್ಟಿದೆ. ಕುರ್ಚಿಯ ಕಾಲು ಲಟಲಟ ಅನ್ನುತ್ತಿದೆ. "ಮೂರಕ್ಕೂ ಆಗುವಂಥ ಒಂದು ಗಟ್ಟಿ ಅಂಟು ಹೇಳಿ" ಎಂದು ಕೇಳುವವರು ತುಂಬ ಜನ. ಅಂಗಡಿಗೆ ಹೋದರೆ ಗಲಿಬಿಲಿ ಇನ್ನೂ ಜಾಸ್ತಿ. ಕಪಾಟಿನ ತುಂಬ ಟ್ಯೂಬು, ಡಬ್ಬಿ, ಕಡ್ಡಿ. ಮುಕ್ಕಾಲು ಪಾಲು ಪೊಟ್ಟಣಗಳ ಮೇಲೆ "ಏನನ್ನು ಬೇಕಾದರೂ ಅಂಟಿಸುತ್ತದೆ" ಎಂದೇ ಬರೆದಿರುತ್ತದೆ.

ನಾನೂ ಅದನ್ನು ನಂಬಿ ಒಂದು ಜೊತೆ ಶೂ ಹಾಳು ಮಾಡಿಕೊಂಡಿದ್ದೇನೆ. ಬಿಟ್ಟ ಅಟ್ಟೆಗೆ ಸೂಪರ್ ಗ್ಲೂ ಹಚ್ಚಿ ಒತ್ತಿದೆ. ನಿಮಿಷದೊಳಗೆ ಕಲ್ಲಿನ ಹಾಗೆ ಹಿಡಿಯಿತು. ಬಲೇ ಖುಷಿ. ಮರುದಿನ ಹಾಕಿಕೊಂಡು ನಾಲ್ಕು ಹೆಜ್ಜೆ ಇಟ್ಟೆ, ಟಪ್ ಎಂದು ಬಿಟ್ಟಿತು. ಅಂಟಿಗೆ ಬಲ ಬೇಕಾದಷ್ಟಿತ್ತು. ಆದರೆ ಶೂ ಬಾಗುತ್ತದೆ, ಆ ಅಂಟು ಬಾಗುವುದಿಲ್ಲ. ಅವತ್ತಿನಿಂದ "ಯಾವುದು ಗಟ್ಟಿ" ಎಂದು ಕೇಳುವುದನ್ನು ಬಿಟ್ಟೆ. ಈ ವಸ್ತು ದಿನಾ ಏನೇನು ತಡೆದುಕೊಳ್ಳಬೇಕು ಎಂದು ಮೊದಲು ನೋಡುತ್ತೇನೆ.

ಮೊದಲು ವಸ್ತುವಿನ ವಿಚಾರಣೆ

ಮೊದಲನೆಯ ಪ್ರಶ್ನೆ: ಅದು ಹೀರುತ್ತದೆಯೇ? ಒಂದು ಹನಿ ನೀರು ಹಾಕಿ ನೋಡಿ. ಮರ, ಕಾಗದ, ರಟ್ಟು, ಬಟ್ಟೆ ಹೀರಿಕೊಳ್ಳುತ್ತವೆ. ಗಾಜು, ಲೋಹ, ಪ್ಲಾಸ್ಟಿಕ್ ಹೀರುವುದಿಲ್ಲ. ಅರ್ಧ ಅಂಟುಗಳು ಇದೊಂದೇ ಪ್ರಶ್ನೆಯಲ್ಲಿ ಪಟ್ಟಿಯಿಂದ ಆಚೆ ಹೋಗುತ್ತವೆ.

ಎರಡನೆಯದು, ಅದು ಬಾಗುತ್ತದೆಯೇ? ಮೂರನೆಯದು, ಮುರಿದ ತುಂಡುಗಳು ಒಂದಕ್ಕೊಂದು ಸರಿಯಾಗಿ ಕೂರುತ್ತವೆಯೇ, ನಡುವೆ ಸಂದು ಉಳಿಯುತ್ತದೆಯೇ? ಚೂರು ಉದುರಿ ಕಳೆದುಹೋಗಿದ್ದರೆ ಸಂದು ತುಂಬುವ ಅಂಟೇ ಬೇಕು. ನಾಲ್ಕನೆಯದು ನೀರು, ಬಿಸಿ, ಬಿಸಿಲು. ಬಚ್ಚಲಿನಲ್ಲಿರುವ ಸೋಪಿನ ಸ್ಟ್ಯಾಂಡಿಗೂ ಪುಸ್ತಕದ ಕಪಾಟಿನ ಹಲಗೆಗೂ ಒಂದೇ ಅಂಟು ಆಗದು.

ಐದನೆಯದನ್ನು ಹೆಚ್ಚಿನವರು ಯೋಚಿಸುವುದೇ ಇಲ್ಲ: ಎಳೆತ ಯಾವ ಕಡೆಯಿಂದ ಬೀಳುತ್ತದೆ? ಗೋಡೆಗೆ ಅಂಟಿಸಿದ ಟೇಪನ್ನು ಕೆಳಕ್ಕೆ ಜಾರಿಸಲು ನೋಡಿ, ಜಗ್ಗುವುದಿಲ್ಲ. ಅದರ ಮೂಲೆಯನ್ನು ಉಗುರಿನಿಂದ ಎಬ್ಬಿಸಿ, ಸುಲಭವಾಗಿ ಸುಲಿದು ಬರುತ್ತದೆ. ಎಲ್ಲ ಅಂಟಿನ ಕಥೆಯೂ ಇಷ್ಟೇ. ಜಾರಿಸುವ ಬಲವನ್ನು ಇಡೀ ಅಂಟು ಹಂಚಿಕೊಳ್ಳುತ್ತದೆ, ಸುಲಿಯುವ ಬಲ ಅಂಚಿನ ಒಂದು ಗೆರೆಯ ಮೇಲೇ ಬೀಳುತ್ತದೆ. ಹಾಗಾಗಿ ಕೊಕ್ಕೆಯನ್ನು ಗೋಡೆಗೆ ಅಂಟಿಸುವುದಾದರೆ ಅಂಟು ಬದಲಿಸುವುದಕ್ಕಿಂತ ಹಿಂಬದಿ ಅಗಲ ಇರುವ ಕೊಕ್ಕೆ ಹುಡುಕುವುದು ಒಳ್ಳೆಯದು.

ಆಮೇಲೆ ಹಣ. ಇಲ್ಲಿ ಟ್ಯೂಬಿನ ಬೆಲೆಗಿಂತ, ಬಿಚ್ಚಿದ ಮೇಲೆ ಎಷ್ಟು ವ್ಯರ್ಥವಾಗುತ್ತದೆ ಎಂಬುದೇ ಲೆಕ್ಕ. ಎರಡು ಹನಿ ಬಳಸಿ ಉಳಿದದ್ದು ಒಣಗಿ ಹೋದರೆ, ಅಗ್ಗದ ಅಂಟೇ ದುಬಾರಿ. ಕೊನೆಗೊಂದು ಮಾತು: ಮುಂದೆ ಅದನ್ನು ಬಿಚ್ಚಬೇಕಾಗಬಹುದೇ? ಹೌದಾದರೆ ಶಾಶ್ವತವಾದ ಅಂಟು ಬೇಡ.

ಬಿಳಿ ಅಂಟು

ಮರಗೆಲಸದವರ ಡಬ್ಬಿಯಲ್ಲಿ ಇರುವ, ಹಾಲಿನಂಥ ಬಿಳಿ ಅಂಟು. ಇದರ ಮೂಲವಸ್ತು ಪಾಲಿವಿನೈಲ್ ಅಸಿಟೇಟ್. 1912ರಲ್ಲಿ ಜರ್ಮನಿಯ ಫ್ರಿಟ್ಸ್ ಕ್ಲಾಟೆ ಕಂಡುಹಿಡಿದದ್ದು. ನೀರಿನಲ್ಲಿ ಹರಡಿಕೊಂಡಿರುವ ಅಂಟು ಇದು. ನೀರು ಆರಿದರೆ ಅಥವಾ ವಸ್ತು ಅದನ್ನು ಹೀರಿಕೊಂಡರೆ ಗಟ್ಟಿಯಾಗುತ್ತದೆ. ಎರಡೂ ಬದಿ ಗಾಜು ಅಥವಾ ಲೋಹವಾದರೆ ಒಳಗಿನ ನೀರಿಗೆ ಹೋಗಲು ದಾರಿಯೇ ಇಲ್ಲ. ಎರಡು ದಿನ ಬಿಟ್ಟು ನೋಡಿದರೂ ಒಳಗೆ ಹಸಿಯಾಗೇ ಇರುತ್ತದೆ.

ಆದರೆ ಮರಕ್ಕೆ ಮರ ಜೋಡಿಸಲು ಇದನ್ನು ಮೀರಿಸುವುದು ಕಷ್ಟ. ಎಳೆಯ ಉದ್ದಕ್ಕೆ ಚೆನ್ನಾಗಿ ಜೋಡಿಸಿದ ಎರಡು ಹಲಗೆಗಳನ್ನು ಮುರಿದರೆ, ಅಂಟು ಬಿಡುವ ಮೊದಲು ಪಕ್ಕದ ಮರವೇ ಸೀಳುತ್ತದೆ. ಅಡ್ಡ ಕೊಯ್ದ ತುದಿಗೆ ಈ ಮಾತು ಸಲ್ಲದು. ಆ ತುದಿ ಸ್ಪಂಜಿನ ಹಾಗೆ ಅಂಟನ್ನೆಲ್ಲ ಕುಡಿದುಬಿಡುತ್ತದೆ. ಅಲ್ಲಿ ಮೊದಲು ತೆಳುವಾಗಿ ಒಮ್ಮೆ ಹಚ್ಚಿ, ಸ್ವಲ್ಪ ಆರಿದ ಮೇಲೆ ಇನ್ನೊಮ್ಮೆ ಹಚ್ಚಿ ಜೋಡಿಸಿ.

ಇದಕ್ಕೆ ತಾಳ್ಮೆ ಬೇಕು. ಅರ್ಧ ಗಂಟೆಯಿಂದ ಒಂದು ಗಂಟೆ ಬಿಗಿಯಾಗಿ ಒತ್ತಿ ಹಿಡಿದಿರಬೇಕು, ಪೂರ್ತಿ ಬಲ ಬರಲು 24 ಗಂಟೆ. ಕ್ಲ್ಯಾಂಪ್ ಇಲ್ಲದಿದ್ದರೆ ಹಗ್ಗ ಸುತ್ತಿ, ನಡುವೆ ಕಡ್ಡಿ ತೂರಿಸಿ ತಿರುಚಿದರೂ ಆಯಿತು. ಸಾಧಾರಣ ಬಿಳಿ ಅಂಟು ನೀರಿಗೆ ಮೆತ್ತಗಾಗುತ್ತದೆ. ಒದ್ದೆ ಜಾಗಕ್ಕೆ ಬೇಕಾದರೆ ನೀರು ತಡೆಯುವ ಬಗೆಯನ್ನೇ ಕೇಳಿ ತನ್ನಿ. ಇನ್ನೊಂದು ದೋಷ: ಸದಾ ಭಾರ ತೂಗುತ್ತಿದ್ದರೆ ವರ್ಷಗಳಲ್ಲಿ ನಿಧಾನವಾಗಿ ಜರುಗುತ್ತದೆ.

ಬೆಲೆ ಎಲ್ಲಕ್ಕಿಂತ ಕಡಿಮೆ. ಮುಚ್ಚಳ ಸರಿಯಾಗಿ ಹಾಕಿಟ್ಟರೆ ಬಹಳ ದಿನ ಬರುತ್ತದೆ. ಕೈಗೆ ಮೆತ್ತಿದರೆ ನೀರಿನಲ್ಲೇ ತೊಳೆಯಬಹುದು. ಮಕ್ಕಳ ಕೈಗೆ ಕೊಡಬಹುದಾದ ಅಂಟು ಈ ಪಟ್ಟಿಯಲ್ಲಿ ಇದೊಂದೇ.

ಸೂಪರ್ ಗ್ಲೂ

ಎಲ್ಲರ ಮನೆಯಲ್ಲೂ ಇರುವುದು, ಎಲ್ಲರೂ ತಪ್ಪಾಗಿ ಬಳಸುವುದು ಇದನ್ನೇ. ಹುಟ್ಟಿನ ಕಥೆಯೂ ತಮಾಷೆಯಾಗಿದೆ. 1942ರಲ್ಲಿ ಈಸ್ಟ್‌ಮನ್ ಕೊಡಾಕ್ ಕಂಪನಿಯಲ್ಲಿ ಹ್ಯಾರಿ ಕೂವರ್ ಮತ್ತು ಜೊತೆಗಾರರು ಬಂದೂಕಿನ ಗುರಿಗಣ್ಣಿಗೆ ಪಾರದರ್ಶಕ ಪ್ಲಾಸ್ಟಿಕ್ ಹುಡುಕುತ್ತಿದ್ದರು. ಆಗ ಸಿಕ್ಕಿದ ಸಯನೋಅಕ್ರಿಲೇಟ್ ಎಂಬ ರಾಸಾಯನಿಕ ಮುಟ್ಟಿದ್ದಕ್ಕೆಲ್ಲ ಅಂಟಿಕೊಳ್ಳುತ್ತಿತ್ತು. ಇದೊಳ್ಳೆ ಪೀಡೆ ಎಂದು ಬದಿಗಿಟ್ಟರು. ಅದು ಅಂಟಾಗಿ ಮಾರಾಟಕ್ಕೆ ಬಂದದ್ದು 1958ರಲ್ಲಿ.

ಇದು ಒಣಗುವ ಅಂಟಲ್ಲ. ವಸ್ತುವಿನ ಮೇಲೆ ಕಣ್ಣಿಗೆ ಕಾಣದಷ್ಟು ತೇವ ಇರುತ್ತದಲ್ಲ, ಅದು ತಾಗಿದ ಕೂಡಲೇ ಗಟ್ಟಿಯಾಗುತ್ತದೆ. ಹಾಗಾಗಿ ಜಾಸ್ತಿ ಹಾಕಿದಷ್ಟೂ ಕೆಲಸ ಕೆಡುತ್ತದೆ. ದಪ್ಪ ಪದರದ ನಡುವಿಗೆ ತೇವ ತಲುಪುವುದಿಲ್ಲ, ಒಳಗೆ ಹಸಿಯಾಗಿ ಉಳಿಯುತ್ತದೆ, ಸುತ್ತ ಬಿಳಿ ಮಬ್ಬು ಕಟ್ಟುತ್ತದೆ. ಒಂದು ಹನಿ ಸಾಕು, ಹರಡಿ ಒತ್ತಿ ಹಿಡಿಯಿರಿ.

ಚಿಕ್ಕ, ಗಟ್ಟಿಯಾದ, ಸರಿಯಾಗಿ ಕೂರುವ ತುಂಡುಗಳಿಗೆ ಇದು ಸರಿ. ಆಟಿಕೆಯ ಕೈ, ಪಿಂಗಾಣಿ ಗೊಂಬೆಯ ಕಿವಿ, ಕಿವಿಯೋಲೆಯ ಕಲ್ಲು ಇಂಥವು. ಹೊಡೆತ, ಬಾಗುವುದು, ಸುಲಿಯುವುದು ಇದಕ್ಕೆ ಆಗದು. ದಿನವೂ ನೀರಲ್ಲಿ ನೆನೆಯುವ ವಸ್ತುವಿಗೂ ಬೇಡ. ಗಾಜಿಗೆ ಹಚ್ಚಿದರೆ ಮೊದಲು ಚೆನ್ನಾಗೇ ಹಿಡಿಯುತ್ತದೆ, ಕೆಲವು ತಿಂಗಳಲ್ಲಿ ಬಿಡುತ್ತದೆ. ಸಣ್ಣ ಸಂದು ಇದ್ದರೆ ಅಡುಗೆ ಸೋಡಾದ ಪುಡಿ ಉದುರಿಸಿ ಮೇಲೊಂದು ಹನಿ ಬಿಡಿ. ತಕ್ಷಣ ಕಲ್ಲಾಗುತ್ತದೆ, ಬೇಕಾದರೆ ಉಜ್ಜಿ ನುಣುಪು ಮಾಡಬಹುದು. ಹಾಗೆ ಮಾಡುವಾಗ ಬಿಸಿಯೂ ಹೊಗೆಯೂ ಬರುತ್ತದೆ, ಮುಖ ದೂರ ಇರಲಿ.

ಇಲ್ಲಿ ನಿಜವಾದ ಅಪಾಯ ಒಂದಿದೆ. ಹತ್ತಿ ಬಟ್ಟೆ, ಹತ್ತಿ ಉಂಡೆ, ಉಣ್ಣೆಗೆ ಇದು ಜಾಸ್ತಿ ಬಿದ್ದರೆ ಸುಡುವಷ್ಟು ಬಿಸಿಯಾಗುತ್ತದೆ. ಚೆಲ್ಲಿದ್ದನ್ನು ಹತ್ತಿ ಬಟ್ಟೆಯಲ್ಲಿ ಒರೆಸಲು ಹೋಗಬೇಡಿ. ಹತ್ತಿಯ ಕೈಗವಸು ಹಾಕಿಕೊಳ್ಳುವುದೂ ಬೇಡ.

ಬಿಚ್ಚಿದ ಟ್ಯೂಬು ಮುಂದಿನ ಸಲಕ್ಕೆ ಕಲ್ಲಾಗಿರುತ್ತದೆ, ಅಲ್ವಾ? ಬಿಗಿ ಮುಚ್ಚಳದ ಡಬ್ಬಿಯಲ್ಲಿ, ಹೊಸ ಚೀಲ ಶೂಗಳ ಜೊತೆ ಬರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ ನಿಲ್ಲಿಸಿಡಿ. ಅಪರೂಪಕ್ಕೆ ಬಳಸುವವರು ದೊಡ್ಡ ಬಾಟಲಿ ಬಿಟ್ಟು ಚಿಕ್ಕ ಚಿಕ್ಕ ಟ್ಯೂಬುಗಳ ಕಟ್ಟು ತರುವುದೇ ಲಾಭ.

ಎಪಾಕ್ಸಿ

ಎರಡು ಟ್ಯೂಬು, ಒಂದರಲ್ಲಿ ರಾಳ, ಇನ್ನೊಂದರಲ್ಲಿ ಗಟ್ಟಿಕಾರಕ. ಎರಡನ್ನೂ ಕಲಸಿದ ಮೇಲೆ ಅವುಗಳ ನಡುವೆ ರಾಸಾಯನಿಕ ಕ್ರಿಯೆ ನಡೆದು ಗಟ್ಟಿಯಾಗುತ್ತದೆ. ನೀರು ಆರಬೇಕಿಲ್ಲ, ಗಾಳಿಯ ತೇವ ಬೇಕಿಲ್ಲ. ಹಾಗಾಗಿ ಲೋಹ, ಗಾಜು, ಪಿಂಗಾಣಿ, ಕಲ್ಲು, ಇಂಥ ಹೀರದ ವಸ್ತುಗಳಿಗೂ ನಡೆಯುತ್ತದೆ. ದಪ್ಪ ಪದರವೂ ಪೂರ್ತಿ ಗಟ್ಟಿಯಾಗುವುದರಿಂದ ಸಂದು ತುಂಬುತ್ತದೆ. ಒಂದೇ ಅಂಟು ಇಟ್ಟುಕೊಳ್ಳಿ ಎಂದು ಯಾರಾದರೂ ಹಟ ಹಿಡಿದರೆ ನಾನು ಇದನ್ನೇ ಆರಿಸುತ್ತೇನೆ, ಶೂ ಮಾತ್ರ ಬಿಟ್ಟು.

ಜನ ಎಡವುವುದು ಅಳತೆಯಲ್ಲಿ. "ಗಟ್ಟಿಕಾರಕ ಸ್ವಲ್ಪ ಜಾಸ್ತಿ ಹಾಕಿದರೆ ಬೇಗ ಹಿಡಿಯುತ್ತದೆ" ಎಂಬ ಲೆಕ್ಕ ತಪ್ಪು. ರಾಳದ ಪ್ರತಿ ಭಾಗಕ್ಕೂ ಇಷ್ಟೇ ಗಟ್ಟಿಕಾರಕ ಬೇಕು ಎಂದು ಇರುತ್ತದೆ. ಹೆಚ್ಚಾದದ್ದು ಜೊತೆ ಸಿಗದೆ ಹಾಗೇ ಉಳಿದು ಅಂಟನ್ನು ಮೆತ್ತಗೆ ಮಾಡುತ್ತದೆ. ಪೊಟ್ಟಣದ ಮೇಲೆ ಒಂದಕ್ಕೆ ಒಂದು ಎಂದಿದ್ದರೆ ಹಾಗೇ ಹಾಕಿ. ಬದಿ, ತಳ ಕೆರೆದು ಕೆರೆದು ಒಂದು ನಿಮಿಷವಾದರೂ ಕಲಸಿ.

ಐದು ನಿಮಿಷದ್ದು, ನಿಧಾನದ್ದು ಎಂದು ಎರಡು ಬಗೆ ಸಿಗುತ್ತದೆ. ಐದು ನಿಮಿಷ ಎಂದರೆ ಅಷ್ಟರೊಳಗೆ ಕೂರಿಸಬೇಕು ಎಂದರ್ಥ, ಬಳಸಬಹುದು ಎಂದಲ್ಲ. ಪೂರ್ತಿ ಬಲಕ್ಕೆ ಎರಡಕ್ಕೂ ಸುಮಾರು ಒಂದು ದಿನ ಬಿಡಿ. ನಿಧಾನದ್ದು ಸಾಮಾನ್ಯವಾಗಿ ಹೆಚ್ಚು ಬಲ, ನೀರನ್ನೂ ಹೆಚ್ಚು ತಡೆಯುತ್ತದೆ. ಸಮಯ ಇದ್ದರೆ ಅದೇ ಇರಲಿ. ಕಲಸಿದ್ದನ್ನು ಬಟ್ಟಲಲ್ಲಿ ಗುಡ್ಡೆ ಹಾಕಿ ಇಟ್ಟರೆ ತನ್ನ ಬಿಸಿಗೆ ತಾನೇ ಬೇಗ ಗಟ್ಟಿಯಾಗುತ್ತದೆ. ಸ್ವಲ್ಪ ಸ್ವಲ್ಪವೇ ಕಲಸಿ.

ಕೊರತೆಗಳೂ ಇವೆ. ಬಿಸಿಲಿಗೆ ಹಳದಿಯಾಗುತ್ತದೆ. ಗಟ್ಟಿಯಾಗದ ಎಪಾಕ್ಸಿ ಚರ್ಮಕ್ಕೆ ಪದೇ ಪದೇ ತಾಗಿದರೆ ಕೆಲವರಿಗೆ ಅಲರ್ಜಿ ಶುರುವಾಗುತ್ತದೆ, ಒಮ್ಮೆ ಶುರುವಾದರೆ ಬಿಡುವುದಿಲ್ಲ. ನೈಟ್ರೈಲ್ ರಬ್ಬರಿನ ಕೈಗವಸು ಹಾಕಿಕೊಳ್ಳಿ. ಒಮ್ಮೆ ಹಿಡಿದರೆ ಬಿಡಿಸುವ ಆಸೆ ಬಿಡಿ. ಬೆಲೆ ಹೆಚ್ಚು ನಿಜ, ಆದರೆ ಎರಡು ಟ್ಯೂಬಿನ ಮುಚ್ಚಳ ಅದಲುಬದಲು ಮಾಡದಿದ್ದರೆ ವರ್ಷಗಟ್ಟಲೆ ಕೆಡುವುದಿಲ್ಲ. ನಾನು ಒಮ್ಮೆ ಅದಲುಬದಲು ಮಾಡಿದ್ದೆ. ಎರಡೂ ಟ್ಯೂಬು ಬಾಯಿ ಕಟ್ಟಿಕೊಂಡು ಕೂತವು.

ಇದರದೇ ಇನ್ನೊಂದು ರೂಪ, ಹಿಟ್ಟಿನಂತೆ ಕೈಯಲ್ಲಿ ನಾದುವ ಪುಟ್ಟಿ. ಕಿತ್ತುಹೋದ ಮೂಲೆ, ಸವೆದ ತೂತು, ಸೋರುವ ಪೈಪಿನ ಹೊರಗಿನ ತೇಪೆಗೆ ಅದು ಅನುಕೂಲ.

ರಬ್ಬರ್ ಅಂಟು

ಚಪ್ಪಲಿ ರಿಪೇರಿ ಮಾಡುವವರ ಡಬ್ಬಿಯ, ಮೂಗಿಗೆ ಹೊಡೆಯುವ ಹಳದಿ ಅಂಟು. ಇದರ ಬಳಕೆ ಬೇರೆ ಎಲ್ಲಕ್ಕಿಂತ ವಿಚಿತ್ರ: ಎರಡೂ ಬದಿಗೆ ತೆಳುವಾಗಿ ಹಚ್ಚಿ, ಅಂಟಿಸದೆ ಬಿಡಬೇಕು. ಹತ್ತು ಹದಿನೈದು ನಿಮಿಷ ಕಾಯಿರಿ. ಬೆರಳು ಮುಟ್ಟಿಸಿದರೆ ಅಂಟು ಬೆರಳಿಗೆ ಬರಬಾರದು. ಆಮೇಲೆ ಜೋಡಿಸಿ ಜೋರಾಗಿ ಒತ್ತಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಇಲ್ಲಿ ಎಷ್ಟು ಹೊತ್ತು ಒತ್ತಿದಿರಿ ಎಂಬುದು ಮುಖ್ಯವಲ್ಲ, ಎಷ್ಟು ಜೋರಾಗಿ ಒತ್ತಿದಿರಿ ಎಂಬುದು ಮುಖ್ಯ. ಹಸಿಯಾಗಿರುವಾಗಲೇ ಜೋಡಿಸಿದರೆ ಒಳಗಿನ ದ್ರಾವಕ ಸಿಕ್ಕಿಹಾಕಿಕೊಂಡು ಅಂಟು ಜಾರುತ್ತದೆ. ಮನೆಯಲ್ಲಿ ಮಾಡಿದ ಶೂ ರಿಪೇರಿ ಬಾಳದಿರುವುದಕ್ಕೆ ಹೆಚ್ಚಾಗಿ ಇದೇ ಕಾರಣ.

ಒಣಗಿದ ಮೇಲೂ ಬಾಗುತ್ತದೆ. ಚರ್ಮ, ರಬ್ಬರ್, ದಪ್ಪ ಬಟ್ಟೆ, ಟೇಬಲ್ಲಿನ ಮೇಲಿನ ಲ್ಯಾಮಿನೇಟ್ ಹಾಳೆಗೆ ಇದೇ ಬೇಕು. ಒಮ್ಮೆ ತಾಗಿದರೆ ಸರಿಸಲು ಬರುವುದಿಲ್ಲ, ಆದ್ದರಿಂದ ಮೊದಲೇ ಗುರುತು ಹಾಕಿಕೊಳ್ಳಿ. ಇದರ ಆವಿ ತಲೆನೋವು ತರಿಸುತ್ತದೆ, ಬೆಂಕಿಗೆ ಬೇಗ ಹತ್ತಿಕೊಳ್ಳುತ್ತದೆ. ಒಲೆ ಉರಿಯುವ ಕೋಣೆಯಲ್ಲಿ ಬೇಡವೇ ಬೇಡ. ಕಿಟಕಿ ತೆರೆದಿಡಿ, ಆದರೆ ಹೊರಗೆ ಕೂತು ಮಾಡುವುದೇ ವಾಸಿ.

ಸಿಲಿಕೋನ್, ಬಿಸಿ ಅಂಟು

ಸಿಲಿಕೋನ್ ಅಂಟಿಸುವುದಕ್ಕಿಂತ ಮುಚ್ಚುವುದಕ್ಕೆ. ಸಿಂಕಿನ ಅಂಚು, ಕಿಟಕಿಯ ಸಂದು, ಮೀನಿನ ತೊಟ್ಟಿ. ರಬ್ಬರಿನಂತೆ ಹಿಗ್ಗುತ್ತದೆ, ನೀರಿಗೂ ಬಿಸಿಲಿಗೂ ಜಗ್ಗುವುದಿಲ್ಲ, ನೂರು ಡಿಗ್ರಿ ದಾಟಿದ ಬಿಸಿಯನ್ನೂ ತಡೆಯುತ್ತದೆ. ಬಲ ಮಾತ್ರ ಕಡಿಮೆ. ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ, ದಿನಕ್ಕೆ ಎರಡು ಮೂರು ಮಿಲಿಮೀಟರ್. ವಿನೆಗರ್ ವಾಸನೆ ಬರುವ ಬಗೆಯನ್ನು ತಾಮ್ರಕ್ಕೂ ಅಮೃತಶಿಲೆಗೂ ಹಚ್ಚಬೇಡಿ, ಅದರಿಂದ ಬಿಡುಗಡೆಯಾಗುವ ಅಸಿಟಿಕ್ ಆಮ್ಲ ತಾಮ್ರವನ್ನು ಕಿಲುಬು ಹಿಡಿಸುತ್ತದೆ, ಕಲ್ಲನ್ನು ತಿನ್ನುತ್ತದೆ. ಅಲ್ಲಿಗೆ ನ್ಯೂಟ್ರಲ್ ಎಂದು ಬರೆದದ್ದು ತನ್ನಿ. ಮೀನಿನ ತೊಟ್ಟಿಗಾದರೆ ಬೂಸ್ಟು ತಡೆಯುವ ಔಷಧಿ ಬೆರೆಸದೆ ಇರುವುದು ಬೇಕು. ಇನ್ನೊಂದು ಕಿರಿಕಿರಿ: ಒಮ್ಮೆ ಸಿಲಿಕೋನ್ ಹಚ್ಚಿದ ಜಾಗಕ್ಕೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ. ಮುರಿದ ವಸ್ತುವಿಗೆ "ಸುಮ್ನೆ ಒಮ್ಮೆ ನೋಡೋಣ" ಎಂದು ಮೊದಲು ಇದನ್ನು ಹಚ್ಚಬೇಡಿ. ಆಮೇಲೆ ಎಪಾಕ್ಸಿಗೂ ದಾರಿ ಇರುವುದಿಲ್ಲ.

ಗನ್ನಿನಿಂದ ಬರುವ ಬಿಸಿ ಅಂಟು ಶಾಲೆಯ ಪ್ರಾಜೆಕ್ಟು, ಅಲಂಕಾರ, ವೈರುಗಳನ್ನು ಮೂಲೆಯಲ್ಲಿ ಹಿಡಿದಿಡಲು ಸರಿ. ಒಂದು ನಿಮಿಷದೊಳಗೆ ಹಿಡಿಯುತ್ತದೆ. ಬಿಸಿಲಲ್ಲಿ ನಿಂತ ಕಾರಿನೊಳಗೆ ಮೆತ್ತಗಾಗಿ ಬಿಡುತ್ತದೆ. ಒಳ್ಳೆಯ ಗುಣ ಒಂದಿದೆ, ಬಿಡಿಸಲು ಸುಲಭ: ಅಂಚಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ (ಒಂದು ಬಗೆಯ ಸ್ಪಿರಿಟ್) ಬಿಟ್ಟರೆ ಕಳಚಿಕೊಳ್ಳುತ್ತದೆ.

ಪ್ಲಾಸ್ಟಿಕ್ ಎಂಬ ತಲೆನೋವು

"ಎಲ್ಲ ಅಂಟು ಹಚ್ಚಿದೆ, ಬಕೆಟ್ ಹಿಡಿಯುತ್ತಿಲ್ಲ" ಎನ್ನುವವರಿಗೆ ಒಂದು ಕೆಲಸ ಹೇಳುತ್ತೇನೆ. ತಳವನ್ನು ತಿರುಗಿಸಿ ತ್ರಿಕೋನದೊಳಗಿನ ಅಂಕಿ ನೋಡಿ. 2, 4 ಎಂದರೆ ಪಾಲಿಎಥಿಲೀನ್, 5 ಎಂದರೆ ಪಾಲಿಪ್ರೊಪಿಲೀನ್. ಮುಟ್ಟಿದರೆ ಮೇಣದ ಹಾಗೆ ಜಾರುತ್ತವೆ. ಇವುಗಳ ಮೈಗೆ ಅಂಟು ಹರಡಿಕೊಳ್ಳುವುದೇ ಇಲ್ಲ, ಎಣ್ಣೆ ಸವರಿದ ಬಾಣಲೆಯ ಮೇಲಿನ ನೀರಿನ ಹಾಗೆ ಗುಂಡಗೆ ನಿಲ್ಲುತ್ತದೆ. ಮೇಲೆ ಹೇಳಿದ ಯಾವ ಅಂಟೂ ಇಲ್ಲಿ ನೆಚ್ಚುವಂತಿಲ್ಲ. ಅಂಟಿಗಿಂತ ಮೊದಲು ಸವರುವ ಪ್ರೈಮರ್ ದ್ರವದ ಜೊತೆಗೆ ಬರುವ, ಇಂಥ ಪ್ಲಾಸ್ಟಿಕ್ಕಿಗೆಂದೇ ಮಾಡಿದ ಸೂಪರ್ ಗ್ಲೂ ಸಿಗುತ್ತದೆ. ಚಿಕ್ಕ ವಸ್ತುವಾದರೆ ಅದನ್ನು ನೋಡಬಹುದು. ನೀರು ತುಂಬಿ ಎತ್ತುವ ಬಕೆಟ್ಟಾದರೆ ಹೊಸದೇ ಅಗ್ಗ.

3 ಎಂದಿದ್ದರೆ ಪಿವಿಸಿ. ಪೈಪಿಗೆ ಬರುವ ಸಾಲ್ವೆಂಟ್ ಸಿಮೆಂಟ್ ಎರಡೂ ಬದಿಯನ್ನು ಸ್ವಲ್ಪ ಕರಗಿಸಿ ಒಂದೇ ತುಂಡಾಗಿಸುತ್ತದೆ, ಅದಕ್ಕೆ ಬೇರೆಯದರ ಹಂಗಿಲ್ಲ. ಥರ್ಮೋಕೋಲಿಗೆ ಮಾತ್ರ ದ್ರಾವಕ ಇರುವ ಯಾವ ಅಂಟೂ ಬೇಡ, ಕಣ್ಣೆದುರೇ ಕರಗಿ ಗುಳಿ ಬೀಳುತ್ತದೆ. ಬಿಳಿ ಅಂಟು ಸಾಕು.

ಅಂಟಿಗಿಂತ ಮೊದಲಿನ ಹತ್ತು ನಿಮಿಷ

ಒಳ್ಳೆಯ ಅಂಟೂ ಕೊಳೆಯ ಮೇಲೆ ಹಚ್ಚಿದರೆ ಕೊಳೆಗೆ ಅಂಟುತ್ತದೆ, ವಸ್ತುವಿಗಲ್ಲ. ಹಳೆಯ ಅಂಟನ್ನು ಪೂರ್ತಿ ಕೆರೆಯಿರಿ. ಸೋಪಿನ ನೀರಲ್ಲಿ ಜಿಡ್ಡು ತೊಳೆದು ಒಣಗಿಸಿ. ಲೋಹ, ಪ್ಲಾಸ್ಟಿಕ್ ಆದರೆ ಸ್ಯಾಂಡ್ ಪೇಪರಿನಿಂದ ಹೊಳಪು ಹೋಗುವಷ್ಟು ಉಜ್ಜಿ, ಧೂಳು ಒರೆಸಿ. ಪಿಂಗಾಣಿ ಮುರಿದ ಅಂಚನ್ನು ಮಾತ್ರ ಉಜ್ಜಬೇಡಿ, ತುಂಡುಗಳು ಕೂರುವುದೇ ತಪ್ಪುತ್ತದೆ. ಅಂಟು ಹಚ್ಚುವ ಮೊದಲು ಒಮ್ಮೆ ಖಾಲಿ ಜೋಡಿಸಿ ನೋಡಿ, ಯಾವ ತುಂಡು ಮೊದಲು, ಯಾವುದು ಆಮೇಲೆ, ಯಾವುದರಿಂದ ಕಟ್ಟಬೇಕು ಎಂದು. ಐದು ನಿಮಿಷದ ಎಪಾಕ್ಸಿ ಕಲಸಿಕೊಂಡು ರಬ್ಬರ್ ಬ್ಯಾಂಡ್ ಹುಡುಕುತ್ತಾ ಓಡಾಡಿದವರಿಗೆ ಇದರ ಬೆಲೆ ಗೊತ್ತು.

ಹಾಗಾದರೆ ಏನು ತರಬೇಕು?

ಕೈ ಬಿಗಿ ಇದ್ದರೆ ಬಿಳಿ ಅಂಟಿನ ಚಿಕ್ಕ ಡಬ್ಬಿ, ಸೂಪರ್ ಗ್ಲೂವಿನ ಚಿಕ್ಕ ಟ್ಯೂಬುಗಳು. ಮನೆಯ ಸಣ್ಣಪುಟ್ಟ ಕೆಲಸದಲ್ಲಿ ಹೆಚ್ಚಿನವು ಇದರಲ್ಲೇ ಮುಗಿಯುತ್ತವೆ. ಇನ್ನೂ ಸ್ವಲ್ಪ ಖರ್ಚು ಮಾಡಬಹುದಾದರೆ ಮೂರನೆಯದಾಗಿ ನಿಧಾನದ ಎಪಾಕ್ಸಿ ಸೇರಿಸಿ. ಶೂ, ಚೀಲ ಆಗಾಗ ಕೈಕೊಡುವ ಮನೆಯಾದರೆ ರಬ್ಬರ್ ಅಂಟು. ಸಿಲಿಕೋನನ್ನು ಮೊದಲೇ ತಂದಿಡಬೇಡಿ. ಅದು ಡಬ್ಬಿಯಲ್ಲೇ ಗಟ್ಟಿಯಾಗುತ್ತದೆ, ಕೆಲಸ ಬಂದಾಗ ತಂದರೆ ಸಾಕು. ಬಾಡಿಗೆ ಮನೆಯಲ್ಲಿರುವವರು ಗೋಡೆಗೆ ಯಾವ ಅಂಟನ್ನೂ ಹಚ್ಚುವ ಮೊದಲು, ಎಳೆದರೆ ಕಳಚುವ ಪಟ್ಟಿಗಳನ್ನು ನೋಡಿ.

ಕೆಲವನ್ನು ಅಂಟಿಸಲೇಬಾರದು. ಏಣಿ, ಹೆಲ್ಮೆಟ್, ಗಾಡಿಯ ಬ್ರೇಕಿನ ಭಾಗ, ಗ್ಯಾಸ್ ಪೈಪು, ಒಡೆದ ವಿದ್ಯುತ್ ಪ್ಲಗ್. ಬಿಟ್ಟರೆ ಯಾರಿಗಾದರೂ ಪೆಟ್ಟಾಗುತ್ತದೆ ಎನ್ನುವ ಯಾವುದನ್ನೂ ಅಂಟಿನ ಮೇಲೆ ಬಿಡಬೇಡಿ.

ಕಪ್ಪಿನ ಹಿಡಿಯೂ ಇದೇ ಸಾಲಿಗೆ ಸೇರುತ್ತದೆ. ಎಪಾಕ್ಸಿ ಹಚ್ಚಿದರೆ ಚೆನ್ನಾಗಿ ಕೂರುತ್ತದೆ, ಆದರೆ ಬಿಸಿಗೆ ಮೆತ್ತಗಾಗಿ ಒಂದು ದಿನ ಬಿಸಿ ಕಾಫಿಯ ಸಮೇತ ಮಡಿಲಿಗೆ ಬೀಳಬಹುದು. ಅಂಟಿಸಿ, ಪೆನ್ನು ಇಡಲು ಬಳಸಿ. ಶೂಗೆ ರಬ್ಬರ್ ಅಂಟು, ಎರಡೂ ಬದಿ, ಹದಿನೈದು ನಿಮಿಷ ಕಾದು. ಕುರ್ಚಿಯ ಕಾಲಿಗೆ ಬಿಳಿ ಅಂಟು, ಕೀಲನ್ನು ಪೂರ್ತಿ ಬಿಚ್ಚಿ ಹಳೆಯದನ್ನು ಕೆರೆದ ಮೇಲೆ. ಬಿಚ್ಚದೆ ಸಂದಿಗೆ ಹನಿ ಹನಿ ಸುರಿದರೆ ಆಗುವುದಿಲ್ಲ. ಕೀಲು ಸವೆದು ಸಡಿಲವಾಗಿದ್ದರೆ ಅಲ್ಲೂ ಎಪಾಕ್ಸಿಯೇ. ಒಂದು ದಿನ ಯಾರೂ ಅದರ ಮೇಲೆ ಕೂರದಂತೆ ಗೋಡೆಗೆ ತಿರುಗಿಸಿಡಿ.

ಇಷ್ಟರಲ್ಲಿ ಸೂಪರ್ ಗ್ಲೂಗೆ ಬೆರಳು ಬೆರಳಿಗೆ ಅಂಟಿಕೊಂಡಿದ್ದರೆ ಎಳೆಯಬೇಡಿ. ಬೆಚ್ಚಗಿನ ಸೋಪಿನ ನೀರಲ್ಲಿ ನೆನೆಸಿ, ಮೆಲ್ಲಗೆ ಹೊರಳಿಸುತ್ತಾ ಬಿಡಿಸಿ. ಅಸಿಟೋನ್ ಇರುವ ಉಗುರುಬಣ್ಣದ ರಿಮೂವರ್ ಕೂಡ ಕರಗಿಸುತ್ತದೆ. ಕಣ್ಣಿಗೆ ಸಿಡಿದಿದ್ದರೆ ಅಸಿಟೋನ್ ಹತ್ತಿರಕ್ಕೂ ತರಬೇಡಿ, ರೆಪ್ಪೆ ಎಳೆಯಬೇಡಿ, ನೀರಿನಿಂದ ತೊಳೆಯುತ್ತಾ ನೇರ ಡಾಕ್ಟರ ಹತ್ತಿರ ಹೋಗಿ.